ಅಡಿಗೆರೆ

ಕೋರ್ಟಿನ ಕಾಂಪೌಂಡಿಗೆ ಆತು ನನ್ನ ಮೇಜು,
ಕುಂಟುವ ಕಾಲಿಗೆ ಮಡಚಿಟ್ಟ ಹಳೇ ಕಾಸ್‌ಲಿಸ್ಟು.
ಇಪ್ಪತ್ತೆರಡು ವರ್ಷ ಇಲ್ಲೇ ಕುಟ್ಟಿದ್ದೇನೆ ಇಂಗ್ಲಿಷನ್ನು
ಭತ್ತ ಕುಟ್ಟಿದ ಹಾಗೆ;
ಹೊಟ್ಟು ಯಾವುದು ಕಾಳು ಯಾವುದು
ಬಹಳ ದಿನ ಗೊತ್ತಾಗಲಿಲ್ಲ.

ಬೇತೂರಿನ ವಕೀಲರು, ಉಚ್ಚಂಗೆಪ್ಪನವರು,
ಮೊದಲ ವಾರವೇ ಹೇಳಿದ್ದರು:
‘ಹಾಲಮ್ಮಾ, ಲ್ಯಾಟಿನ್ ಬಂದಲ್ಲಿ ಕೆಳಗೊಂದು ಗೆರೆ ಎಳಿ.
ಅದು ನೆಂಟರ ಮಾತು.
ನೆಂಟರಿಗೆ ಚಾಪೆ ಹಾಸಬೇಕು.’

ಚಾಪೆ ಹಾಸುವುದು ಸುಲಭವಲ್ಲ ಈ ಮಿಷನ್ನಿನಲ್ಲಿ.
ಪ್ರೈಮಾ ಫೇಸಿ ಅಂದರೆ
ನಡುವಿನ ಖಾಲಿ ಸೇರಿ ಹನ್ನೊಂದು ಕುಟ್ಟು ಮುಂದಕ್ಕೆ,
ಹನ್ನೊಂದು ಸಲ ಹಿಂದಕ್ಕೆ,
ಮತ್ತೆ ಹನ್ನೊಂದು ಗೆರೆ.
ಉಳಿದ ಮಾತಿಗೆಲ್ಲ ಒಂದು ನಡಿಗೆ, ಇದಕ್ಕೆ ಮೂರು.
ಪುಟಕ್ಕಿಷ್ಟು ಅಂತ ರೇಟು, ಗೆರೆಗೆ ಬೇರೆ ಕಾಸಿಲ್ಲ.

ಐ.ಇ. ಇರಬೇಕಾದಲ್ಲಿ ಇ.ಜಿ. ಒತ್ತಿ
ಒಬ್ಬನ ಮೂರೇ ಮೂರು ಎಮ್ಮೆಗಳನ್ನು
‘ಉದಾಹರಣೆಗೆ ಮೂರು ಎಮ್ಮೆ’ ಮಾಡಿಬಿಟ್ಟಿದ್ದೆ.
ಎದುರು ವಕೀಲರು ಎದ್ದು ಕೇಳಿದರಂತೆ,
ಉಳಿದವನ್ನು ಎಲ್ಲಿ ಕಟ್ಟಿದ್ದಾನೆ ಸ್ವಾಮಿ?
ಆ ಹಾಳೆ ಒಂದು ಸಂಜೆ ಮಂಡಕ್ಕಿ ಪೊಟ್ಟಣವಾಗಿ
ನನ್ನ ಕೈಗೇ ಬಂತು.
ಮೆಣಸಿನಕಾಯಿ ಎಣ್ಣೆ ಇಳಿದು ತಪ್ಪು
ಹಿಂದಿನಿಂದಲೂ ಓದುವಂತಾಗಿತ್ತು.

ಅಣಜಿ ಚೌಡಮ್ಮನದು ಬಾವಿಯ ಕೇಸು,
ಅರ್ಧ ಪಾಲಿಗೆ, ಮೈದುನನ ಮೇಲೆ.
ಅವತ್ತು ಸಾಹೇಬರು ಎರಡು ಮಾತಾಡಿ ಫೈಲು ಮುಚ್ಚಿದರು.
ಅವಳು ಹೊರಗೆ ಬಂದು ಮೇಜಿನೆದುರು ಕುಂತು
‘ಡೈ ಅಂದಂಗಾತು. ಯಾರು ಸತ್ರವ್ವಾ?’

ನಾನು ನಗಲಿಲ್ಲ.
ಮೂರು ವರ್ಷ ನಾನೂ ಹಾಗೇ ತಿಳಿದಿದ್ದೆ,
ಸೈನಿ ಡೈ ಟೈಪು ಮಾಡುವಾಗೆಲ್ಲ
ಯಾರೋ ಒಬ್ಬರಿಗೆ ಒಳಗೊಳಗೇ ಮರುಗಿದ್ದೆ.
ಆ ಡೈ ಸಾವಲ್ಲವಂತೆ, ದಿನವಂತೆ;
ನಮ್ಮ ದಿವಸಕ್ಕೆ ದೂರದ ತಂಗಿಯಂತೆ.
‘ಯಾರೂ ಸತ್ತಿಲ್ಲಮ್ಮ.
ದಿನ ಕೊಡದೆ ಮುಂದಕ್ಕೆ ಹಾಕ್ಯಾರೆ, ಅಷ್ಟೆ.’

ಸೆರಗಿನ ಗಂಟು ಬಿಚ್ಚಿದಳು, ಕಟ್ಟಿದಳು, ಬಿಚ್ಚಿದಳು.
‘ಸತ್ತೋರಿಗೂ ಒಂದು ದಿನ ಅಂತ ಇರ್ತೈತಲ್ಲವ್ವಾ,
ಹನ್ನೊಂದನೇದು.
ಅವತ್ತು ಮಂದಿ ಬಂದು ಉಂಡು ಹೋಗ್ತಾರೆ.
ನೀರಿರೋ ಬಾವಿಗೆ ಒಂದು ದಿನ ಇಲ್ಲೇನು?’

ಅದಕ್ಕೆ ನನ್ನ ಮಿಷನ್ನಿನಲ್ಲಿ ಕೀ ಇರಲಿಲ್ಲ.

ಮತ್ತೆ ತಾನೇ ಮೂಗು ಒರೆಸಿಕೊಂಡು,
‘ಹೋಗ್ಲಿ, ಇನ್ನೊಂದು ಅಪಿಡವಿಟ್ಟು ಹಾಕು.
ಹೆಸರು ನೆಟ್ಟಗೆ ಬರಿ, ಚೌಡಮ್ಮ ಅಲಿಯಾಸು ಚೌಡವ್ವ.
ಹೋದ ಸಲ ಚೂಡಮ್ಮ ಅಂತ ಕೂಗಿದ್ರು.’

ಕೋಟು ತೋಳ ಮೇಲೆ ಹಾಕಿಕೊಂಡು ಬಂದ ಉಚ್ಚಂಗೆಪ್ಪನವರು
ನಿಂತರು. ‘ಕೇಳಿದೆಯಾ ಹಾಲಮ್ಮಾ,
ಒಂದುಸಿರಿಗೆ ಎರಡು ಲ್ಯಾಟಿನ್ನು,
ಎರಡೂ ಸರಿಯಾದ ಜಾಗದಲ್ಲಿ.
ನಮ್ಮ ಜೂನಿಯರ್‌ಗಳಿಗೆ ಬರಲ್ಲ.’
ಯಾವ ಎರಡು ಅಂದೆ.
‘ಅಫಿಡವಿಟ್, ಆಣೆ ಇಟ್ಟಾಯಿತು ಅಂತ.
ಅಲಿಯಾಸ್, ಬೇರೆ ಹೊತ್ತಿನಲ್ಲಿ ಅಂತ.’
ಮತ್ತೆ ಇವಕ್ಕೆ ಗೆರೆ ಯಾಕಿಲ್ಲ?
‘ಅವು ಬಂದು ಎಷ್ಟು ಕಾಲವಾಯ್ತು!
ತಾವೇ ಸೇದಿ ಕುಡಿಯುತ್ತವೆ ಈಗ. ನೆಂಟರಲ್ಲ.’

ಚೌಡಮ್ಮನಿಗೆ ಇದು ಬೇಕಿರಲಿಲ್ಲ,
ಮೂರೂವರೆ ಬಸ್ಸು ಬೇಕಿತ್ತು.
ಬೇಗ ವಿಚಾರಣೆ ಮಾಡಿರೆಂಬ ಅರ್ಜಿ ಕುಟ್ಟಿದೆ.
ಸೈನಿ ಡೈ. ಎಂಟು ಮುಂದೆ, ಎಂಟು ಹಿಂದೆ, ಎಂಟು ಗೆರೆ.
ರಿಬ್ಬನ್ನು ಸೋತಿತ್ತು, ಅಕ್ಷರ ತೆಳುವಾಗಿ
ಗೆರೆ ಮಾತ್ರ ಕಪ್ಪಗೆ ಬಿತ್ತು.

ಹೆಬ್ಬೆಟ್ಟಿನ ಮಸಿ ತಲೆಗೂದಲಿಗೆ ಒರೆಸುತ್ತ
ಅವಳು ಬಗ್ಗಿ ನೋಡಿದಳು.
ಅರ್ಜಿಯೊಳಗೆ ಗೆರೆ ಇದ್ದಲ್ಲಿ
ಯಾರಾದರೂ ಏನಾದರೂ ತುಂಬುತ್ತಾರೆಂಬುದು
ಓದು ಬಾರದಿದ್ದರೂ ಅವಳಿಗೆ ಗೊತ್ತು.
‘ಇಗೋ, ಇಲ್ಲಿ ಬಿಟ್ಟಾರಲ್ಲ ಜಾಗ.
ದಿನ ಬರಿಯಾಕಿರಬೇಕು.’

ನಾನು ಹಾಳೆ ಎಳೆದು,
ಕಾರ್ಬನ್ ಬಿಡಿಸಿ,
ಅವಳ ಪ್ರತಿ ಅವಳಿಗೆ ಕೊಟ್ಟೆ.