ಹತ್ತೊಂಬತ್ತು ದಿನದ ಗುಟ್ಟು

ಬಾಗಿಲಿಗೆ ಬಂದವನು ಹೇಳುತ್ತಾನೆ:
ನನ್ನ ಹೆಸರು ಇಷ್ಟುದ್ದ.
ಸರಿ, ಬಾ, ಅನ್ನುತ್ತದೆ ಆ ಸಾಲು.
ಅಳೆಯುವುದಿಲ್ಲ.
ಪಾವಿನ ಪಾತ್ರೆಗೆ ಕೊಳಗ ಸುರಿದರೂ
ಸುಮ್ಮನೆ ಸುರಿಸಿಕೊಳ್ಳುತ್ತದೆ,
ತುಳುಕಿದ್ದು ಹರಿದು ಪಕ್ಕದ ಕೋಣೆಗೆ ಹೋಗಿ
ಯಜಮಾನನ ಕುರ್ಚಿಯಲ್ಲಿ ಕೂರುತ್ತದೆ.

ಇಪ್ಪತ್ತೊಂದು ವರ್ಷ ಹಾಗೆಯೇ ಇತ್ತು.
ಗ್ಡೀನ್ಯಾ ಬಂದರಿನ ಮೇಲಿನ ಬೀದಿ, ನಾಲ್ಕನೆಯ ಮಹಡಿ,
ಡಿಸೆಂಬರ್ ಒಂದು, ಮಧ್ಯಾಹ್ನ ಮೂರೂವರೆಗೇ ದೀಪ.
ದೊಬ್ರೋಹ್ನಾ ಆ ಸಾಲನ್ನು ಮೂರು ಸಲ ಓದಿದಳು.
ಕಡತ ಹಂಚುವ ಈ ತಂತ್ರಾಂಶಕ್ಕೆ ಸಂಬಳವಿಲ್ಲದ ಕಾವಲುಗಾರರು
ಲೋಕದಲ್ಲೆಲ್ಲ ಹನ್ನೊಂದು ಜನ, ಅವಳೊಬ್ಬಳು.
ಬರೆದವರು ಯಾರೆಂದು ನೋಡಿದಳು:
ತ್ಸೆಜಾರಿ.
ಅವಳಿಗೆ ಈ ಕಸುಬು ಕಲಿಸಿದವನು.
ಸರಿಯಾಗಿ ತಿಂಗಳ ಹಿಂದೆ, ಸತ್ತವರನ್ನು ನೆನೆವ ದಿನ,
ಅವನ ಗೋರಿಯ ಮೇಲೆ ಕೆಂಪು ಗಾಜಿನ ದೀಪ ಇಟ್ಟು ಬಂದಿದ್ದಳು.
ಸಾಲಿನ ಪಕ್ಕದಲ್ಲಿ ಅವನದೇ ಟಿಪ್ಪಣಿ:
"ಇದನ್ನು ಆಮೇಲೆ ನೋಡಬೇಕು."

ತೇಪೆ ಎರಡೇ ಸಾಲು. ಹೊಲಿಯಲು ಒಂದು ಸಂಜೆ.
ಬಾಯಿ ಹೊಲಿದುಕೊಂಡದ್ದು ಹತ್ತೊಂಬತ್ತು ದಿನ.
ಎಲ್ಲರ ಕೈಗೂ ಒಂದೇ ಗಳಿಗೆಗೆ ತಲುಪಬೇಕು,
ಇಪ್ಪತ್ತನೆಯ ತಾರೀಖು, ಮಂಗಳವಾರ;
ಅಲ್ಲಿಯವರೆಗೆ ಯಾರಿಗೂ ಹೇಳಕೂಡದು.
ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.
ಗಾದೆ ಸರಿ. ಆದರೆ ಬಾಗಿಲಿಗೆ ಅಗುಳಿಯಿಲ್ಲವೆಂದು
ಡಂಗುರ ಸಾರಿದರೆ
ಮೊದಲು ಕೇಳಿಸುವುದು ಯಾರ ಕಿವಿಗೆ?

ಹಲ್ಲಿನ ವೈದ್ಯೆಯ ಮೇಜಿನ ಕೆಳಗೆ ಮಿಣುಕುವ ಕಪ್ಪು ಡಬ್ಬಿ,
ಅದರೊಳಗೆ ತ್ಸೆಜಾರಿಯ ಸಾಲು.
ಗ್ರಂಥಾಲಯದಲ್ಲಿ, ಶವಪೆಟ್ಟಿಗೆಯ ಅಂಗಡಿಯಲ್ಲಿ,
ಟ್ರಾಲಿಬಸ್ಸಿನ ಡಿಪೋದಲ್ಲಿ ಅದೇ ಸಾಲು,
ಬಂದವರನ್ನೆಲ್ಲ ಬಾ ಅನ್ನುತ್ತಾ.
ಬಾಯಿ ತೆರೆದು ಒರಗಿದ್ದಾಗ ವೈದ್ಯೆ ಕೇಳಿದಳು:
ನೋವಾಗುತ್ತಿದೆಯಾ?
ಇಲ್ಲವೆಂದು ತಲೆಯಾಡಿಸಿದಳು.
ಎಕ್ಸ್‌ರೇ ಚಿತ್ರ ಆ ಡಬ್ಬಿಯಿಂದಲೇ ಬಂತು.
ತನ್ನದೇ ದವಡೆ, ಬೆಳ್ಳಗೆ,
ಯಾರು ಬೇಕಾದರೂ ನೋಡಬಹುದಾದಂತೆ.

ರಾತ್ರಿ ಮಗ್ಗುಲು ಬದಲಿಸುತ್ತಾ ಅದೇ ಲೆಕ್ಕ:
ನನ್ನ ಕಣ್ಣಿಗೆ ಬಿದ್ದದ್ದು
ಇನ್ನೊಬ್ಬರ ಕಣ್ಣಿಗೆ ಬೀಳದೆ ಇದ್ದೀತೇ?

ಮಂಗಳವಾರ ಬಂತು.
ಬದಲಾವಣೆಯ ವಿವರದಲ್ಲಿ
"ತಪ್ಪು ತಿದ್ದಿದೆ" ಎಂದು ಬರೆದು, ಅಳಿಸಿ,
"ಅಳತೆ ಸೇರಿಸಿದೆ" ಎಂದು ಬರೆದು
ಗುಂಡಿ ಒತ್ತಿದಳು.

ಶನಿವಾರ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ.
ಮೊದಲ ನಕ್ಷತ್ರ ಮೂಡಿದೊಡನೆ ಚಿಕ್ಕಮ್ಮ ಗೆರ್ತ್ರೂದಾ
ಬಿಳಿ ಬಟ್ಟೆಯಡಿ ಒಣಹುಲ್ಲು ಹಾಸಿ
ಆರು ಜನಕ್ಕೆ ಏಳು ತಟ್ಟೆ ಇಟ್ಟಳು.
ಏಳನೆಯದು ಕರೆಯದೆ ಬರುವವರಿಗೆ.
ಹೆಸರು ಕೇಳಬಾರದು.
ದೊಬ್ರೋಹ್ನಾ ಆ ತಟ್ಟೆಯನ್ನೇ ನೋಡುತ್ತಾ ಕೂತಳು.

ಬೀಟ್‌ರೂಟ್ ಸಾರು ಬಡಿಸುವಾಗ ಫೋನು.
ಹೆಲ್ ಬಂದರಿನ ಮೀನುಕಟ್ಟೆಯಿಂದ, ಬ್ರೋನಿಶ್ ಅಂತೆ,
ನಂಬರು ಯಾರು ಕೊಟ್ಟರೋ.
ಕೊನೆಯ ದೋಣಿ ಬಂದು ನಿಂತಿದೆ,
ತೇಪೆ ಹಾಕಿದ ಮೇಲೆ ಹಳೆಯ ತೂಕದ ಯಂತ್ರಕ್ಕೆ
ಒಳಗೆ ಪ್ರವೇಶವೇ ಇಲ್ಲ.
ಹೆಸರಿನ ಉದ್ದ ಹೇಳುವಾಗ
ಒಂದು ಹೆಚ್ಚು ಎಣಿಸುವುದು ಅದರ ಹುಟ್ಟುಗುಣ.
ಕಳ್ಳನಲ್ಲ. ಲೆಕ್ಕ ಬಾರದ ಮುದುಕ.
ತ್ಸೆಜಾರಿ ಇಷ್ಟು ವರ್ಷ ಅದನ್ನು ನಂಬಿ ಬಿಟ್ಟಿದ್ದ.

"ನಾಳೆ ನೋಡಿದರಾಯ್ತು" ಎಂದರು ಯಾರೋ.
"ಮೀನು ಕಾಯುತ್ತಾ?" ಎಂದಳು ಚಿಕ್ಕಮ್ಮ,
ಏಳನೆಯ ತಟ್ಟೆ ಬದಿಗೆ ಸರಿಸಿ
ಲ್ಯಾಪ್‌ಟಾಪಿಗೆ ಜಾಗ ಮಾಡಿಕೊಟ್ಟಳು.

ಎಡಗೈಯಲ್ಲಿ ಕಾರ್ಪ್ ಮೀನಿನ ಮುಳ್ಳು ಬಿಡಿಸುತ್ತಾ
ಬಲಗೈಯಲ್ಲಿ ಇನ್ನೊಂದು ಸಾಲು:
ಒಂದು ಹೆಚ್ಚಾದರೆ, ಬರಲಿ.
ಎರಡಾದರೆ, ಇಲ್ಲ.
ಪಕ್ಕದಲ್ಲಿ ಟಿಪ್ಪಣಿ:
"ಇದನ್ನು ಆಮೇಲೆ ನೋಡಬೇಕು."
ಬರೆದ ಮೇಲೆ ಬೆರಳು ಕೀಲಿಮಣೆಯ ಮೇಲೆ
ತುಸು ಹೊತ್ತು ಹಾಗೇ ಇತ್ತು.

ಸಾರು ಆರಿಹೋಗಿತ್ತು.