ಹದಿನೈದು ಎಣಿಸುವಷ್ಟರಲ್ಲಿ

ಹೊಗೆಗೂಡು ಗುಡಿಸುವುದು ನನ್ನ ಕೆಲಸ.
ಈ ರೋರೋಸ್ ಊರಲ್ಲಿ ಗೋಡೆ ಮರದ್ದು, ಮೆಟ್ಟಿಲು ಮರದ್ದು,
ಮನೆಗಳು ಚಳಿಗೆ ಒಂದರ ಭುಜಕ್ಕೊಂದು ಒರಗಿ ನಿಂತಿವೆ.
ಹಾಗಾಗಿ ಮಸಿ ಕೆರೆದಾದ ಮೇಲೆ ಬೂಟು ಕಳಚಿ
ಒಳಗೆ ಹೋಗಿ ಕೇಳುತ್ತೇನೆ:
ಎಲ್ಲಿ ಅದು, ಕೆಂಪನೆಯದು?

ರಾಂಗ್‌ಫ್ರಿದ್ ಅಜ್ಜಿ ಕೋಟುಗಳ ರಾಶಿ ಸರಿಸಿದಳು.
ಮೂರು ಉಣ್ಣೆಶಾಲು, ಮುರಿದ ಸ್ಕೀ ಕೋಲು, ತೀರಿಹೋದ ಗಂಡನ ಟೋಪಿ,
ಅದರಡಿ ಆರು ಕಿಲೋ ಪುಡಿ ನುಂಗಿಕೊಂಡು
ಮುನಿಸಿನಲ್ಲಿ ಕೂತಿತ್ತು ಸಿಲಿಂಡರು.
"ಅವನೂ ಹೀಗೇ," ಅಂದಳು. "ನಲವತ್ತು ವರ್ಷ ಮೂಲೆಯಲ್ಲಿದ್ದ,
ಒಳಗೇನಿದೆಯೆಂದು ಗೊತ್ತಾಗಲೇ ಇಲ್ಲ."

ಮುಳ್ಳು ಹಸಿರಲ್ಲೇ ಇತ್ತು. ಅದನ್ನೊಂದೇ ನಂಬಬಾರದು.
ತಲೆಕೆಳಗು ಮಾಡಿ ಕಿವಿಯಿಟ್ಟೆ.
ಪುಡಿ ಸರ್ರನೆ ಜಾರಬೇಕಿತ್ತು.
ಸದ್ದಿಲ್ಲ.
ತಳದಲ್ಲಿ ಹೆಪ್ಪುಗಟ್ಟಿ ಮಲಗಿತ್ತು ಎಷ್ಟೋ ಚಳಿಗಾಲ.

ಹೊಸದು ತರಿಸಿ ಎಂದೆ. ಇದನ್ನು ಎಸೆಯುವ ಮುಂಚೆ
ಅಂಗಳಕ್ಕೆ ಬನ್ನಿ.

ಅಂಗೈಯಲ್ಲಿ ತಟ್ಟಿ ತಟ್ಟಿ ಪುಡಿಯನ್ನು ಎಬ್ಬಿಸಿದೆ.
ಹಿಮದಲ್ಲೊಂದು ಬರ್ಚ್ ಕೊರಡು ನೆಟ್ಟೆ: ಇದೇ ಬೆಂಕಿ ಅಂದುಕೊಳ್ಳಿ.
ಬಾಗಿಲು ಸದಾ ನಿಮ್ಮ ಬೆನ್ನಿಗಿರಲಿ;
ನಿಮಗೂ ಬಾಗಿಲಿಗೂ ನಡುವೆ ಅದು ಬಂದು ನಿಂತರೆ
ಆಟ ಮುಗಿಯಿತು.

ಪಿನ್ನು ಕೀಳಲು ಸೊಟ್ಟ ಬೆರಳು ಮೂರು ಸಲ ಸೋತಿತು.
ನಾಲ್ಕನೆಯ ಸಲ ಬೈಗುಳವೊಂದರ ಜೊತೆ ಕಿತ್ತು ಬಂತು.
ಬುಡಕ್ಕೆ, ಬುಡಕ್ಕೆ! ಎಂದು ನಾನು ಕೂಗಿದೆ,
ಉರಿಯ ನೆತ್ತಿ ಬರೀ ಕುಣಿತ, ಬೇರು ಕೆಳಗಿದೆ.
ಅವಳು ಕಸ ಗುಡಿಸುವವಳ ಹಾಗೆ ಆಚೀಚೆ ಬೀಸಿದಳು.
ಏಳು ಎಣಿಸುವಷ್ಟರಲ್ಲಿ ಬಿಕ್ಕಳಿಸಿ ನಿಂತಿತು.

"ಇಷ್ಟೇನಾ?"

ಹೊಸದಾದರೆ ಹದಿನೈದು. ಅದಕ್ಕಿಂತ ಹೆಚ್ಚು ನೆಚ್ಚಬೇಡಿ.

ಐಲರ್ಟನ ಕತೆ ಹೇಳಿದೆ. ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ
ಮಾರು ದೂರವೂ ಬಿಡದೆ ನೇರ ಅದರೊಳಗೇ ಹೊಡೆದ;
ಎಣ್ಣೆ ಎದ್ದು ಪರದೆಗೆ ಹಾರಿತು.
ಕೈಯಳತೆಯಲ್ಲೇ ಇತ್ತು ಬಾಣಲೆಯ ಮುಚ್ಚಳ.
ಖಾಲಿಯಾದ ಮೇಲೂ ಹಿಡಿಕೆ ಅದುಮುತ್ತಲೇ ಇದ್ದನಂತೆ.
ಕೊನೆಗೆ ಬಾಗಿಲೆಳೆದುಕೊಂಡು ಹೊರಬಂದದ್ದೊಂದೇ ಸರಿಯಾದದ್ದು:
ಅಡುಗೆಮನೆ ಹೋಯಿತು, ಬೀದಿ ಉಳಿಯಿತು.
ಹಿಮದ ಮೇಲೆ ಬರಿಗಾಲಲ್ಲಿ, ಖಾಲಿ ಸಿಲಿಂಡರನ್ನು
ಕೂಸಿನ ಹಾಗೆ ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ.

ಅಜ್ಜಿ ಹಳದಿಯಾದ ಹಿಮವನ್ನೇ ನೋಡುತ್ತಿದ್ದಳು.
"ಹದಿನೈದಾದ ಮೇಲೂ ಆರದಿದ್ದರೆ?"
ಬಿಟ್ಟು ಓಡುವುದು.
"ಈ ಮೊಣಕಾಲಲ್ಲಿ?"

ನನಗೆ ಮಾತು ಹೊಳೆಯಲಿಲ್ಲ.
ಅವಳೇ ಲೆಕ್ಕ ಹಾಕಿದಳು, ತುಟಿ ಕುಣಿಸುತ್ತ:
"ಹತ್ತಕ್ಕೇ ನಿಲ್ಲಿಸುತ್ತೇನೆ ಹಾಗಾದರೆ.
ಉಳಿದ ಐದು ಮೊಣಕಾಲಿಗೆ."

ನನ್ನ ತಪಾಸಣೆಯ ಹಾಳೆಯಲ್ಲಿ ಇದನ್ನು ಬರೆಯಲು ಜಾಗವಿಲ್ಲ.
'ಹೊಸದು ಬೇಕು, ಬಾಗಿಲ ಪಕ್ಕ' ಎಂದಷ್ಟೇ ಬರೆದು
ಕಾಫಿಗೆ ಕೂತೆ.