ಗುರುವಾರದ ಅಳತೆ

ಪ್ರತಿ ಗುರುವಾರ ರಬ್ಬರು ಬೂಟು ಮೆಟ್ಟಿ
ಜೊಂಡಿನ ನಡುವೆ ನೆಟ್ಟ ಕಪ್ಪು ಬಿಳಿ ಪಟ್ಟಿಯ ಕೋಲಿನ ಬಳಿ ಹೋಗುತ್ತೇನೆ.
ಸರಕಾರ ಸಂಬಳ ಕೊಡುವುದು ಇಷ್ಟಕ್ಕೇ:
ನೀರು ಕೋಲನ್ನು ಎಲ್ಲಿ ಮುಟ್ಟಿದೆಯೋ ಆ ಅಂಕಿ ಬರೆದಿಡಲಿಕ್ಕೆ.
ಬೂಟು ಈಗ ಬೇಕಾಗುವುದಿಲ್ಲ.
ಹಾಕಿಕೊಳ್ಳುತ್ತೇನೆ, ಮರ್ಯಾದೆಗೆ.

ಇವತ್ತು ಹದಿನೇಳು ಸೆಂಟಿಮೀಟರು.
ನನ್ನ ಗೇಣಿಗಿಂತ ಎರಡು ಬೆರಳು ಕಡಿಮೆ.

ಮೊದಲು ನಮಗೆ ಎರಡು ಎರ್ಜಿಯೆಸ್ ಬೆಟ್ಟ ಇದ್ದವು,
ಹಿಮ ಹೊತ್ತು ನಿಂತದ್ದೊಂದು
ನೀರಲ್ಲಿ ತಲೆಕೆಳಗಾಗಿ ತೂಗಿದ್ದೊಂದು.
ಅಪ್ಪ ದೋಣಿ ಹಾಯಿಸುತ್ತಿದ್ದದ್ದು ಎರಡನೆಯದರ ಮೇಲೆ.
ಅವನು ಕೊಯ್ದ ಜೊಂಡು ಲಾರಿ ಹತ್ತಿ ಹಾಲೆಂಡಿಗೆ ಹೋಗಿ
ಯಾರದೋ ಮನೆಯ ಮಾಡಾಗುತ್ತಿತ್ತು.
ನಮ್ಮ ಮನೆಗೆ ತಗಡು.

ಅಪ್ಪನ ಹೆಸರು ದುರ್ಮುಷ್.
ನಮ್ಮ ಮಾತಲ್ಲಿ, ನಿಂತವನು.
ಅವನಿಗಿಂತ ಮೊದಲು ಹುಟ್ಟಿದ ಮೂವರು ನಿಲ್ಲಲಿಲ್ಲವಂತೆ,
ಅಜ್ಜಿ ಈ ಕೂಸನ್ನು ಹೆಸರಿನ ಹಗ್ಗದಲ್ಲಿ ಗೂಟಕ್ಕೆ ಕಟ್ಟಿದಳು.
ಎಪ್ಪತ್ತೊಂಬತ್ತು ವರುಷ ನಿಂತ.
ಕೆರೆಗೆ ಯಾರೂ ಆ ಹೆಸರಿಡಲಿಲ್ಲ.

ತಮ್ಮ ಬೆಕ್ತಾಷ್ ಬೆಳೆಯುವುದು ಬೀಟು, ಸಕ್ಕರೆ ಬೀಟು.
ಮಗುವಿನ ತಲೆಯಷ್ಟು ದಪ್ಪ, ಮೈಯೆಲ್ಲ ಮಣ್ಣು,
ಒಂದೊಂದೂ ಎಷ್ಟು ಕುಡಿದಿದೆಯೆಂದು ಯಾವ ಕೋಲೂ ಹೇಳುವುದಿಲ್ಲ.
ಅವನ ಕೊಟ್ಟಿಗೆಯಲ್ಲಿ, ಹುಲ್ಲಿನ ಪೆಂಡಿಗಳ ಕೆಳಗೆ,
ಯಾವ ಕಡತದಲ್ಲೂ ಇಲ್ಲದ ಒಂದು ಬೋರು.
ರಾತ್ರಿ ಹನ್ನೊಂದಕ್ಕೆ ಶುರು.
ನನ್ನ ಹಾಸಿಗೆಗೆ ಕೇಳಿಸುತ್ತದೆ ಆ ಗುಂಯ್‌ಗುಡುವುದು,
ನೆಲದೊಳಗಿಂದ ಯಾರೋ ಸ್ಟ್ರಾ ಹಾಕಿ ಹೀರಿದ ಹಾಗೆ.

ಅಮ್ಮನ ಕಣ್ಣಿಗೆ ಬೆಳಕು ಬಂದದ್ದೂ ಆ ಬೀಟಿನಿಂದಲೇ.
ಇದನ್ನು ಬರೆಯಲು ನನ್ನ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಕೈಸೇರಿಯಿಂದ ನೆರಿಮಾನ್ ಮೇಡಂ ಬರುತ್ತಾರೆ,
ದುರ್ಬೀನು ಹಿಡಿದ ಹುಡುಗ ಹುಡುಗಿಯರ ಕರಕೊಂಡು.
ನೀಲಿ ಕೊಕ್ಕಿನ ಬಾತು: ಆರು.
ರಾಜಹಂಸ: ನೂರ ಹನ್ನೊಂದು,
ಇಲ್ಲ, ಹತ್ತು, ಒಂದು ಪ್ಲಾಸ್ಟಿಕ್ ಚೀಲ.
ಬೆಟ್ಟದಾಚೆಯಿಂದ ಕೊಳವೆಯಲ್ಲಿ ನೀರು ತಂದರು,
ಕಳ್ಳಬೋರುಗಳ ಬಾಯಿಗೆ ಕಾಂಕ್ರೀಟು ಸುರಿದರು.
'ಸಂರಕ್ಷಿತ ಪ್ರದೇಶ' ಎಂಬ ಹಲಗೆಗೆ
ಚಹಾದಂಗಡಿಯ ಕಡೆಯವರು ಗುಂಡು ಹೊಡೆದರು.
ತೂತುಗಳಲ್ಲಿ ಗಾಳಿ ಸಿಳ್ಳೆ ಹಾಕುತ್ತದೆ. ಹಲಗೆ ನಿಂತಿದೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ನಾವು ತಿಂದದ್ದು ಸಕ್ಕರೆ.
ನೀರನ್ನು ಮೊದಲೇ ಕುಡಿದು ಮುಗಿಸಿದೆವು.
ಉಳಿದಿರುವುದು ಈಗ ಉಪ್ಪೇ,
ಒಣಗಿದ ತಳದ ಮೇಲೆ ಬೆಳ್ಳಗೆ,
ಗಾಳಿ ಎದ್ದರೆ ಹಿಟ್ಟಿನಲ್ಲಿ, ಹಾಲಿನಲ್ಲಿ,
ಒಣಹಾಕಿದ ಸೀರುಡೆಯಲ್ಲಿ, ಮಕ್ಕಳ ಕೆಮ್ಮಿನಲ್ಲಿ.

"ಇನ್ನೆಲ್ಲಾದರೂ ಬೋರು ಇವೆಯೇ?" ಮೇಡಂ ಕೇಳಿದರು.
ಬೂಟಿನ ಕೆಸರು ಕೆರೆಯುತ್ತಾ ಕೂತೆ.
ಕೆಸರು ಇರಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ತಮ್ಮ ಚಹಾಕ್ಕೆ ಬಂದ.
ಸಣ್ಣ ಸೊಂಟದ ಗಾಜಿನ ಲೋಟಕ್ಕೆ ಮೂರು ಸಕ್ಕರೆ ತುಂಡು.
ಕದಡಿದ. ಮೂಲೆ ಸವೆದವು, ಗೋಡೆ ಕುಸಿದವು,
ನೋಡನೋಡುತ್ತಾ ಇಲ್ಲವಾದವು.
"ಯಾಕೆ ಹಾಗೆ ನೋಡ್ತೀಯ, ಅಕ್ಕ?"
ಲೋಟ ತೊಳೆಯಲು ಎದ್ದು ಹೋದೆ.

ಮುಂದಿನ ಗುರುವಾರ ಅಂಕಿ ಬರೆದೆ, ಹದಿನಾರು.
ಪಕ್ಕದಲ್ಲಿ, ಹನ್ನೆರಡು ವರುಷ ಖಾಲಿ ಬಿಟ್ಟಿದ್ದ
'ಷರಾ' ಎಂಬ ಕಾಲಂನಲ್ಲಿ ಬರೆದೆ:
ಕೊಟ್ಟಿಗೆ. ಹುಲ್ಲಿನ ಕೆಳಗೆ.
ಕೈಬರಹ ನನ್ನದೆಂದು ಊರಿಗೆಲ್ಲ ಗೊತ್ತಿರುವಷ್ಟು ದುಂಡಗೆ.

ಅವನೀಗ ನಮ್ಮ ಬಾಗಿಲು ದಾಟಿಯೇ ಹೋಗುತ್ತಾನೆ.
ಅಮ್ಮ, ಆ ಕಣ್ಣುಗಳಿಂದ,
ಇಬ್ಬರನ್ನೂ ನೋಡುತ್ತಾಳೆ.
ರಾತ್ರಿ ಹನ್ನೊಂದಕ್ಕೆ ಎಚ್ಚರಾಗುತ್ತದೆ,
ಇಲ್ಲದ ಸದ್ದಿಗೆ.

ಈ ಗುರುವಾರ ಹದಿನೇಳು.
ಒಂದು ಸೆಂಟಿಮೀಟರು ಮೇಲೆ.
ಬೆಟ್ಟದ ತುದಿಯಷ್ಟೇ, ಉಗುರಿನಷ್ಟು ಹಿಮ,
ನೀರಿಗೆ ಬಂದಿತ್ತು.
ಮಂಗಳವಾರ ಮಳೆಯೂ ಬಿದ್ದಿತ್ತು,
ಅದನ್ನೂ ಷರಾದಲ್ಲಿ ಬರೆದೆ.